ಮೊಟ್ಟೆಯ ಜೊತೆ ಅಣಬೆ: ಬಾಣಲೆಯಲ್ಲಿ ಉಳಿಯುವುದೇನು, ಕಳೆಯುವುದೇನು?



ಆಹಾರ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಯಾವುದೇ ವಿಷಯದ ಮೇಲೆ ಮಾತಾಡಬಹುದು ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಹೇಳಿದಾಗ ನಾನು ಮೊಟ್ಟೆ ಹಾಕಿ ಮಾಡಿದ ಅಣಬೆ ಪಲ್ಯವನ್ನು ಆರಿಸಿಕೊಂಡೆ. ಒಂದು ಗಂಟೆ ಮಾತಾಡಲು ಇದರಲ್ಲಿ ಏನಿದೆ ಎಂದು ಕೆಲವರು ಕೇಳಿದರು. ಬಹಳ ಇದೆ ಎಂದೇ ನನ್ನ ನಂಬಿಕೆ. ನಮ್ಮ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಯಾವ ಪೋಷಕಾಂಶಗಳು ಸಾಲದೆ ಹೋಗುತ್ತಿವೆಯೋ ಅವುಗಳಲ್ಲಿ ನಾಲ್ಕೈದು ಈ ಒಂದೇ ಬಾಣಲೆಯಲ್ಲಿ ಸೇರುತ್ತವೆ. ಬಾಣಲೆಯಲ್ಲಿ ಸೇರಿದ್ದೆಲ್ಲ ಮೈಗೆ ಹತ್ತುತ್ತದೆ ಎನ್ನುವಂತಿಲ್ಲ. ಪುಸ್ತಕದ ಕೋಷ್ಟಕಗಳಲ್ಲಿ ನಾವು ಓದುವ ಅಂಕಿಗಳು ಹೆಚ್ಚಾಗಿ ಹಸಿ ಪದಾರ್ಥದವು. ನಾವು ಉಣ್ಣುವುದು ತೊಳೆದು, ಹೆಚ್ಚಿ, ಬಾಡಿಸಿ, ಬೇಯಿಸಿದ್ದನ್ನು. ಈ ನಡುವೆ ಏನು ಉಳಿಯಿತು, ಏನು ಚೆಲ್ಲಿಹೋಯಿತು, ಏನು ಹೊಸದಾಗಿ ಹುಟ್ಟಿತು ಎನ್ನುವುದು ಅಡುಗೆ ಮಾಡುವವರ ಕೈಯಲ್ಲಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಮೊಟ್ಟೆ. ಚಿಪ್ಪು ಕಳೆದು 50 ಗ್ರಾಂ ತೂಗುವ ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 70ರಿಂದ 75 ಕ್ಯಾಲೊರಿ ಇರುತ್ತದೆ. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಒಂಬತ್ತು ಅಮೈನೋ ಆಮ್ಲಗಳೂ ಅದರಲ್ಲಿ ತಕ್ಕ ಪ್ರಮಾಣದಲ್ಲಿವೆ. ಅನ್ನ, ರಾಗಿ, ಜೋಳ, ಗೋಧಿ ಇವೆಲ್ಲದರಲ್ಲೂ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಮುದ್ದೆ ತೆಳುಸಾರು, ರೊಟ್ಟಿ ಚಟ್ನಿಯಲ್ಲೇ ಊಟ ಮುಗಿಸುವ ಮನೆಯಲ್ಲಿ ಒಂದು ಮೊಟ್ಟೆ ಆ ಕೊರತೆಯನ್ನು ತುಂಬುತ್ತದೆ. ಅಂದರೆ ಮೊಟ್ಟೆ ತನ್ನ 6 ಗ್ರಾಂ ಕೊಟ್ಟು ಸುಮ್ಮನಾಗುವುದಿಲ್ಲ, ತಟ್ಟೆಯಲ್ಲಿರುವ ರಾಗಿಯ ಪ್ರೋಟೀನನ್ನೂ ದೇಹ ಚೆನ್ನಾಗಿ ಬಳಸಿಕೊಳ್ಳುವಂತೆ ಮಾಡುತ್ತದೆ.

ಇಲ್ಲಿರುವ ಹುಡುಗರಿಗೆ ಒಂದು ಮಾತು. ಜಿಮ್ಮಿಗೆ ಹೋಗುವವರು ಹಸಿ ಮೊಟ್ಟೆಯನ್ನು ಲೋಟಕ್ಕೆ ಒಡೆದು ಗಟಗಟ ಕುಡಿಯುವುದನ್ನು ನಾನು ಕಂಡಿದ್ದೇನೆ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಇದನ್ನು ಅಳೆದು ನೋಡಿದರು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ. 91ರಷ್ಟು ಸಣ್ಣಕರುಳಿನಲ್ಲಿ ಜೀರ್ಣವಾಗಿತ್ತು. ಹಸಿಯದರಲ್ಲಿ ಜೀರ್ಣವಾದದ್ದು ಶೇ. 51 ಮಾತ್ರ. ಹಸಿ ಬಿಳಿಭಾಗದಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಅದು ಬಯೋಟಿನ್ ಎಂಬ ವಿಟಮಿನನ್ನು ಗಟ್ಟಿಯಾಗಿ ಹಿಡಿದುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಬೆಂಕಿ ತಗುಲಿದಾಗ ಆ ಹಿಡಿತ ಸಡಿಲುತ್ತದೆ. ಸಾಲ್ಮೊನೆಲ್ಲಾ ಸೋಂಕಿನ ಭಯವೂ ಬೇಯಿಸಿದರೆ ಹೋಗುತ್ತದೆ. ಹಸಿ ಮೊಟ್ಟೆಗೆ ಹೆಚ್ಚು ಶಕ್ತಿ ಎಂಬ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ.

ಮೊಟ್ಟೆಯ ವಿಚಾರದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕೋಲೀನ್ ಬಳಿ. ನಮ್ಮಲ್ಲಿ ಕಬ್ಬಿಣ ಎಂದರೆ ಎಲ್ಲರಿಗೂ ಗೊತ್ತು, ಫೋಲಿಕ್ ಆಮ್ಲದ ಗುಳಿಗೆ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ. ಕೋಲೀನ್ ಹೆಸರನ್ನು ಕೇಳಿದವರು ಕಡಿಮೆ. ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆ 1998ರಲ್ಲಿ ಇದನ್ನು ಅಗತ್ಯ ಪೋಷಕಾಂಶಗಳ ಸಾಲಿಗೆ ಸೇರಿಸಿ, ಬಸುರಿಯರಿಗೆ ದಿನಕ್ಕೆ 450 ಮಿಲಿಗ್ರಾಂ ಬೇಕೆಂದು ಹೇಳಿತು. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಮತ್ತು ಬೆನ್ನುಹುರಿ ಬೆಳೆಯಲು, ಜೀವಕೋಶಗಳ ಪೊರೆ ಕಟ್ಟಲು, ಯಕೃತ್ತಿನಲ್ಲಿ ಕೊಬ್ಬು ನಿಲ್ಲದಂತೆ ನೋಡಿಕೊಳ್ಳಲು ಇದು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 145 ಮಿಲಿಗ್ರಾಂ ಇದೆ, ಅಷ್ಟೂ ಹಳದಿ ಭಾಗದಲ್ಲೇ. ಎರಡು ಮೊಟ್ಟೆ ತಿಂದ ಬಸುರಿಗೆ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ದಕ್ಕಿದಂತಾಯಿತು. ಅನ್ನ, ಸಾರು, ಸೊಪ್ಪಿನಿಂದಲೇ ಅಷ್ಟು ಕೂಡಿಸುವುದು ಬಹಳ ಕಷ್ಟ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಮೊಟ್ಟೆ ಇಟ್ಟದ್ದು ಎಂಥ ದೊಡ್ಡ ಕೆಲಸ ಎಂದು ಇದರಿಂದ ತಿಳಿಯುತ್ತದೆ. ಹಳದಿ ತೆಗೆದಿಟ್ಟು ಬಿಳಿಭಾಗವನ್ನಷ್ಟೇ ತಿನ್ನುವವರು ಕೋಲೀನ್, ಎ ಮತ್ತು ಡಿ ವಿಟಮಿನ್, ಕಣ್ಣಿನ ಪರದೆಯನ್ನು ಕಾಯುವ ಲ್ಯೂಟಿನ್ ಇಷ್ಟನ್ನೂ ಬಿಟ್ಟುಕೊಡುತ್ತಿದ್ದಾರೆ.

ಇಷ್ಟೆಲ್ಲ ಇದ್ದರೂ ಮೊಟ್ಟೆಯಲ್ಲಿ ಇಲ್ಲದ್ದೂ ಇದೆ. ನಾರು ಒಂದಿಷ್ಟೂ ಇಲ್ಲ. ವಿಟಮಿನ್ ಸಿ ಇಲ್ಲ. ಕಬ್ಬಿಣ ಇದ್ದರೂ ಹಳದಿಯಲ್ಲಿರುವ ಫಾಸ್ವಿಟಿನ್ ಎಂಬ ಪ್ರೋಟೀನ್ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಬಿ12 ಇದೆ, ಆದರೆ ಮೊಟ್ಟೆಯ ಬಿ12ರಲ್ಲಿ ದೇಹ ಹೀರಿಕೊಳ್ಳುವುದು ಶೇ. 10ಕ್ಕೂ ಕಡಿಮೆ. ರಕ್ತಹೀನತೆ ಇರುವವರು ಮೊಟ್ಟೆಯನ್ನೇ ನೆಚ್ಚಿ ಕೂರಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಅಣಬೆಗೆ ಬರೋಣ. ಮಾರುಕಟ್ಟೆಯಲ್ಲಿ ಪೊಟ್ಟಣದಲ್ಲಿ ಸಿಗುವ ಬಿಳಿ ಬಟನ್ ಅಣಬೆಯಾಗಲಿ, ಭತ್ತದ ಹುಲ್ಲಿನ ಮೇಲೆ ಬೆಳೆಯುವ ಚಿಪ್ಪಣಬೆಯಾಗಲಿ, ಹತ್ತರಲ್ಲಿ ಒಂಬತ್ತು ಪಾಲು ನೀರೇ. 100 ಗ್ರಾಂ ಬಟನ್ ಅಣಬೆಯಲ್ಲಿ ಕ್ಯಾಲೊರಿ 22ರ ಆಸುಪಾಸು, ಪ್ರೋಟೀನ್ 2ರಿಂದ 3 ಗ್ರಾಂ. ಜಾಹೀರಾತುಗಳಲ್ಲಿ ಇದನ್ನು ಪ್ರೋಟೀನಿನ ಗಣಿ ಎಂದು ಬಣ್ಣಿಸುತ್ತಾರೆ. ಒಣಗಿಸಿ ಪುಡಿ ಮಾಡಿದ ಅಣಬೆಯ ಅಂಕಿಯನ್ನು ತೋರಿಸಿ ಹಸಿ ಅಣಬೆಯನ್ನು ಮಾರುವುದೂ ಉಂಟು. ಅಂಕಿಯಲ್ಲೇ ಇನ್ನೊಂದು ತೊಡಕಿದೆ. ಆಹಾರದಲ್ಲಿ ಪ್ರೋಟೀನ್ ಎಷ್ಟೆಂದು ನೇರವಾಗಿ ಅಳೆಯುವುದಿಲ್ಲ. ಡೆನ್ಮಾರ್ಕಿನ ಯೋಹಾನ್ ಕ್ಯೆಲ್ಡಾಲ್ 1883ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸುತ್ತಾರೆ. ಅಣಬೆಯ ಸಾರಜನಕದಲ್ಲಿ ಒಂದು ಪಾಲು ಇರುವುದು ಕೈಟಿನ್‌ನಲ್ಲಿ. ಏಡಿಯ ಚಿಪ್ಪಿನಲ್ಲಿ, ಜೀರುಂಡೆಯ ಕವಚದಲ್ಲಿ ಇರುವುದೂ ಇದೇ ಕೈಟಿನ್. ಅದು ಪ್ರೋಟೀನ್ ಅಲ್ಲ. ಹಾಗಾಗಿ ಅಣಬೆಗೆ 4.38ರಿಂದ ಗುಣಿಸುವುದು ಸರಿಯಾದ ಕ್ರಮ. 6.25 ಹಿಡಿದವರ ಲೆಕ್ಕದಲ್ಲಿ ಅಣಬೆಯ ಪ್ರೋಟೀನ್ ಶೇ. 40ಕ್ಕೂ ಹೆಚ್ಚು ಉಬ್ಬಿ ಕಾಣುತ್ತದೆ. ಪ್ರೋಟೀನಿಗೆಂದು ಅಣಬೆ ಕೊಳ್ಳಬೇಡಿ. ಆ ಕೆಲಸಕ್ಕೆ ಮೊಟ್ಟೆ ಇದೆ, ಬೇಳೆ ಇದೆ.

ಹಾಗಾದರೆ ಅಣಬೆ ಏಕೆ? ಮೊಟ್ಟೆಯಲ್ಲಿ ಇಲ್ಲದ ನಾರು ಅದರಲ್ಲಿದೆ. ಪ್ರೋಟೀನಿನ ಲೆಕ್ಕವನ್ನು ಕೆಡಿಸುವ ಆ ಕೈಟಿನ್, ಜೊತೆಗೆ ಬೀಟಾ ಗ್ಲುಕಾನ್, ಇವೇ ಆ ನಾರು. ಪೊಟ್ಯಾಸಿಯಂ ಇದೆ, ತಾಮ್ರ ಇದೆ, ನಯಾಸಿನ್ ಇದೆ. ರೈಬೋಫ್ಲಾವಿನ್, ಅಂದರೆ ಬಿ2, ಚೆನ್ನಾಗಿಯೇ ಇದೆ: 100 ಗ್ರಾಂಗೆ ಸುಮಾರು 0.4 ಮಿಲಿಗ್ರಾಂ. ಬಾಯಿಯ ಮೂಲೆ ಸೀಳಿ, ನಾಲಿಗೆ ಕೆಂಪಾಗಿ, ಖಾರ ಮುಟ್ಟಿದರೆ ಅಳುವ ಮಕ್ಕಳನ್ನು ನೀವೆಲ್ಲ ನೋಡಿದ್ದೀರಿ. ಬಿ2 ಕೊರತೆ ಕಾಣಿಸಿಕೊಳ್ಳುವ ರೀತಿಗಳಲ್ಲಿ ಅದೊಂದು. ಎರಡು ಮೊಟ್ಟೆಯ 0.4, ಒಂದೂವರೆ ಹಿಡಿ, ಅಂದರೆ 150 ಗ್ರಾಂ ಅಣಬೆಯ 0.6 ಸೇರಿದರೆ 1 ಮಿಲಿಗ್ರಾಂ. ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದುದರ ಹೆಚ್ಚುಕಡಿಮೆ ಅರ್ಧ ಒಂದೇ ತಟ್ಟೆಯಲ್ಲಿ ಬಂತು.

ಬರಬೇಕಾದರೆ ಒಂದು ಷರತ್ತಿದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತರಬೇತಿ ಶಿಬಿರವೊಂದರಲ್ಲಿ ನನ್ನ ಪಕ್ಕದ ಒಲೆಯ ಬಳಿ ನಿಂತಿದ್ದ ಅಕ್ಕ ಅಣಬೆಯನ್ನು ಬಾಣಲೆಗೆ ಹಾಕಿ ಉಪ್ಪು ಉದುರಿಸಿದರು. ಎರಡು ಮೂರು ನಿಮಿಷದಲ್ಲಿ ತುಂಬಿದ್ದ ಬಾಣಲೆ ಅರ್ಧಕ್ಕೆ ಇಳಿದು, ಹೋಳುಗಳು ಕಂದು ನೀರಿನಲ್ಲಿ ತೇಲತೊಡಗಿದವು. "ಅಯ್ಯೋ, ಎಷ್ಟೊಂದು ನೀರು ಬಿಡ್ತದ್ರೀ ಇದು" ಎಂದು ತಟ್ಟೆ ಅಡ್ಡ ಹಿಡಿದು ಅಷ್ಟನ್ನೂ ಬಚ್ಚಲಿಗೆ ಬಗ್ಗಿಸಿದರು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದೇ. ಬಿ2, ನಯಾಸಿನ್, ಪೊಟ್ಯಾಸಿಯಂ ನೀರಿನಲ್ಲಿ ಕರಗುವಂಥವು. ಅಣಬೆಗೆ ರುಚಿ ಕೊಡುವ ಗ್ಲುಟಮೇಟ್ ಕೂಡ ನೀರಿನಲ್ಲಿ ಕರಗುತ್ತದೆ. ಆ ಕಂದು ನೀರು ಚೆಲ್ಲಿದರೆ ಕೊಂಡ ಬೆಲೆಯಲ್ಲಿ ಒಂದು ಪಾಲನ್ನು ಚೆಲ್ಲಿದಂತೆ.

ಸರಿಯಾದ ಕ್ರಮ ಹೀಗೆ. ಅಣಬೆಯನ್ನು ನೆನೆಹಾಕಬೇಡಿ, ಹರಿಯುವ ನೀರಿನಲ್ಲಿ ಬೇಗ ತೊಳೆದು ಬಟ್ಟೆಯಲ್ಲಿ ಒರೆಸಿ. ಕಾದ ಬಾಣಲೆಗೆ ಎಣ್ಣೆ ಹಾಕದೆ ಹೋಳುಗಳನ್ನು ಹಾಕಿ. ನಮ್ಮಲ್ಲಿ ಮೊದಲು ಒಗ್ಗರಣೆ ಹಾಕಿ ಆಮೇಲೆ ತರಕಾರಿ ಸುರಿಯುವುದು ರೂಢಿ. ಅಣಬೆಯ ಮಟ್ಟಿಗೆ ಆ ರೂಢಿಯನ್ನು ತಿರುವಿಹಾಕಬೇಕು, ಏಕೆಂದರೆ ಹಸಿ ಅಣಬೆ ಸ್ಪಂಜಿನಂತೆ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ನೀರು ಬಿಟ್ಟ ಮೇಲೆ ಉರಿ ದೊಡ್ಡದು ಮಾಡಿ ಆ ನೀರು ಅಲ್ಲೇ ಇಂಗುವ ತನಕ ಕೈಯಾಡಿಸಿ. ಕುದಿಯುವ ಸದ್ದು ನಿಂತು ಚುರುಚುರು ಸದ್ದು ಶುರುವಾದಾಗ ನೀರು ಮುಗಿಯಿತು ಎಂದರ್ಥ. ಹೋಳುಗಳ ಅಂಚು ಕೆಂಪಾಗುತ್ತದೆ. ಆಗ ಒಂದು ಚಮಚ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಈರುಳ್ಳಿ ಬಾಡಿದ ಮೇಲೆ ಉರಿ ಸಣ್ಣಗೆ ಮಾಡಿ ಮೊಟ್ಟೆ ಒಡೆದು ಹಾಕಿ ಕಲಸಿ. ಹಸಿ ಲೋಳೆ ಕಾಣದ ಹಾಗೆ ಗಟ್ಟಿಯಾದ ಕೂಡಲೇ ಇಳಿಸಿ, ಒಣಗಿ ಪುಡಿಪುಡಿ ಆಗುವ ತನಕ ಬಿಡಬೇಡಿ. ಮೇಲೆ ನಿಂಬೆಹುಳಿ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿ. ಮೊಟ್ಟೆಯಲ್ಲೂ ಅಣಬೆಯಲ್ಲೂ ಸಿಗದ ವಿಟಮಿನ್ ಸಿ ನಿಂಬೆಯಿಂದ ಬರುತ್ತದೆ, ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ. 2017ರಲ್ಲಿ ಸ್ಪೇನಿನ ಲಾ ರಿಯೋಹಾ ಪ್ರಾಂತ್ಯದ ಸಂಶೋಧಕರು ಅಣಬೆಯನ್ನು ಕುದಿಸಿ, ಕರಿದು, ಸುಟ್ಟು, ಮೈಕ್ರೋವೇವಿನಲ್ಲಿ ಬೇಯಿಸಿ ಹೋಲಿಸಿದಾಗ ಎಣ್ಣೆಯಲ್ಲಿ ಕರಿದದ್ದೇ ಹೆಚ್ಚು ನಷ್ಟ ಮಾಡಿತ್ತು. ಅಣಬೆ ಮಂಚೂರಿಯನ್ ಪ್ರಿಯರು ಇದನ್ನು ನೆನಪಿಡಬೇಕು.

ಉಪ್ಪಿನ ಬಗ್ಗೆಯೂ ಹೇಳಿಬಿಡುತ್ತೇನೆ. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಗ್ಲುಟಮೇಟಿನ ರುಚಿಯನ್ನು ಗುರುತಿಸಿ ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. 1957ರಲ್ಲಿ ಅಕಿರಾ ಕುನಿನಾಕಾ ಅಣಬೆಯಲ್ಲಿರುವ ಗ್ವಾನಿಲೇಟ್ ಆ ರುಚಿಯನ್ನು ಹಲವು ಪಟ್ಟು ಏರಿಸುತ್ತದೆ ಎಂದು ಕಂಡುಕೊಂಡರು. ಇಂಗಿಸಿದ ಅಣಬೆ ನೀರಿನ ರುಚಿ ಮೊಟ್ಟೆಗೆ ಹಿಡಿದ ಮೇಲೆ ಉಪ್ಪು ಕಡಿಮೆ ಹಾಕಿದರೂ ಸಪ್ಪೆ ಎನಿಸುವುದಿಲ್ಲ. ರಕ್ತದೊತ್ತಡ ಇರುವ ಮನೆಗಳಿಗೆ ಇದು ಸಣ್ಣ ಲಾಭವಲ್ಲ.

ಇನ್ನು ಬಿಸಿಲು. ನನ್ನ ದೃಷ್ಟಿಯಲ್ಲಿ ಈ ಉಪನ್ಯಾಸದ ತಿರುಳೇ ಇದು. ವರ್ಷವಿಡೀ ಬಿಸಿಲು ಇರುವ ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 600 ಯೂನಿಟ್, ಅಂದರೆ 15 ಮೈಕ್ರೋಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 1 ಮೈಕ್ರೋಗ್ರಾಂ ಸುಮಾರು. ಕತ್ತಲೆ ಕೋಣೆಯಲ್ಲಿ ಬೆಳೆದ ಬಟನ್ ಅಣಬೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಣಬೆಯಲ್ಲಿ ಎರ್ಗೋಸ್ಟೆರಾಲ್ ಎಂಬ ವಸ್ತು ತುಂಬಿದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದು ಡಿ2 ವಿಟಮಿನ್ ಆಗುತ್ತದೆ. ನಮ್ಮ ಚರ್ಮದಲ್ಲಿ ಡಿ3 ಹುಟ್ಟುವುದೂ ಇಂಥದೇ ಕ್ರಮದಿಂದ. ಸ್ಟೆರಾಲ್‌ಗಳಿಗೂ ವಿಟಮಿನ್‌ಗಳಿಗೂ ಇರುವ ನಂಟನ್ನು ಬಿಡಿಸಿದ್ದಕ್ಕೆ ಜರ್ಮನಿಯ ಅಡೋಲ್ಫ್ ವಿಂಡೌಸ್ ಅವರಿಗೆ 1928ರ ರಸಾಯನಶಾಸ್ತ್ರದ ನೊಬೆಲ್ ಬಂತು.

ನೆತ್ತಿಯ ಮೇಲಿನ ಬಿಸಿಲಿಗೆ 15 ನಿಮಿಷದಿಂದ 2 ಗಂಟೆಯವರೆಗೆ ಇಟ್ಟ ಅಣಬೆಯಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಡಿ2 ಸಿಗುತ್ತದೆ. 150 ಗ್ರಾಂ ತಿಂದರೆ ಆ ದಿನದ 15 ಮೈಕ್ರೋಗ್ರಾಂ ಮುಟ್ಟಿತು. ಮಾಡಬೇಕಾದದ್ದು ಇಷ್ಟೇ: ಅಣಬೆಯನ್ನು ಹೋಳು ಮಾಡಿ, ಇಡಿಯಾಗಿಯೇ ಇಡುವುದಾದರೆ ಕೊಡೆಯ ಒಳಗಿನ ಪದರಗಳು ಮೇಲೆ ಕಾಣುವಂತೆ ಮಗುಚಿ, ಮೊರದಲ್ಲೋ ತಟ್ಟೆಯಲ್ಲೋ ಒಂದೊಂದಾಗಿ ಹರಡಿ ಬಯಲಿನಲ್ಲಿಡಿ. ಕಿಟಕಿಯ ಗಾಜಿನ ಒಳಗೆ ಇಟ್ಟರೆ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಅಂಗಡಿಯಿಂದ ತಂದ, ಕೊಯ್ದು ಎರಡು ದಿನವಾದ ಅಣಬೆಯಲ್ಲೂ ಇದು ನಡೆಯುತ್ತದೆ. ಹೀಗೆ ಹುಟ್ಟಿದ ಡಿ2ರ ಬಹುಪಾಲು ಬಾಣಲೆಯ ಬಿಸಿಯನ್ನು ತಾಳಿಕೊಳ್ಳುತ್ತದೆ. ರಕ್ತದಲ್ಲಿ ಮಟ್ಟವನ್ನು ಕಾಯುವುದರಲ್ಲಿ ಡಿ2, ಡಿ3ಗಿಂತ ಸ್ವಲ್ಪ ಹಿಂದೆ ಎಂಬುದೂ ನಿಜ. ವೈದ್ಯರು ಗುಳಿಗೆ ಬರೆದುಕೊಟ್ಟಿದ್ದರೆ ಅದನ್ನು ನಿಲ್ಲಿಸಿ ಅಣಬೆಗೆ ಬರಬೇಡಿ.

ಮೊಟ್ಟೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಅಣಬೆಯಲ್ಲಿ ಕೊಬ್ಬು ಇಲ್ಲವೆಂದರೂ ಸರಿ. ಹಳದಿಯ ಕೊಬ್ಬು ಆ ಕೊರತೆ ನೀಗುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ಹಸಿ ತರಕಾರಿಯ ಜೊತೆ ಬೇಯಿಸಿದ ಮೊಟ್ಟೆ ಕೊಟ್ಟು ನೋಡಿದಾಗ, ತರಕಾರಿಯ ಕ್ಯಾರೊಟಿನಾಯ್ಡುಗಳನ್ನು ದೇಹ ಹೀರಿಕೊಳ್ಳುವುದು ಹಲವು ಪಟ್ಟು ಹೆಚ್ಚಿತ್ತು. ಕೊಬ್ಬಿನಲ್ಲಿ ಕರಗುವ ಎಲ್ಲದಕ್ಕೂ ಬೇಕಾದದ್ದು ಇದೇ ನೆರವು.

ಎರ್ಗೋಸ್ಟೆರಾಲನ್ನು 1889ರಲ್ಲಿ ಮೊದಲು ಬೇರ್ಪಡಿಸಿದವರು ಫ್ರಾನ್ಸಿನ ಔಷಧತಜ್ಞ ಚಾರ್ಲ್ಸ್ ಟಾನ್ರೆ. ರೈ ಧಾನ್ಯದ ತೆನೆಗೆ ಹತ್ತುವ ವಿಷದ ಬೂಷ್ಟಿನಿಂದ ಅವರು ಅದನ್ನು ತೆಗೆದರು. ಇಪ್ಪತ್ತು ವರ್ಷದ ನಂತರ, 1909ರಲ್ಲಿ, ಅದೇ ಬೂಷ್ಟಿನಿಂದ ಅವರೇ ಎರ್ಗೋಥಿಯೊನೀನ್ ಎಂಬ ಇನ್ನೊಂದು ವಸ್ತುವನ್ನು ತೆಗೆದರು. ಅಣಬೆಗಳಲ್ಲಿ ಇದು ಧಾರಾಳವಾಗಿದೆ, ಬಟನ್ನಿಗಿಂತ ಚಿಪ್ಪಣಬೆಯಲ್ಲಿ ಹೆಚ್ಚು, ಬೇಯಿಸಿದರೂ ಹಾಳಾಗದು. ಮನುಷ್ಯನ ದೇಹ ಇದನ್ನು ತಯಾರಿಸಲಾರದು, ಆದರೆ ಇದನ್ನು ಜೀವಕೋಶದ ಒಳಗೆ ಸಾಗಿಸಲೆಂದೇ ನಮ್ಮಲ್ಲಿ ಒಂದು ಸಾಗಣೆಯ ಪ್ರೋಟೀನ್ ಇದೆ ಎಂದು 2005ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ದೇಹ ಇಷ್ಟು ಮುತುವರ್ಜಿಯಿಂದ ಕೂಡಿಟ್ಟುಕೊಳ್ಳುವ ವಸ್ತುವಿಗೆ ಏನೋ ಕೆಲಸ ಇರಲೇಬೇಕು ಎಂಬ ತರ್ಕ ನನಗೆ ಒಪ್ಪಿಗೆ. ಹಾಗೆಂದು ಕ್ಯಾನ್ಸರ್ ಹೋಗುತ್ತದೆ, ಮರೆವು ಬರುವುದಿಲ್ಲ ಎಂದು ಅಣಬೆ ಪುಡಿ ಮಾರುವವರ ಮಾತನ್ನು ನಂಬಬೇಡಿ.

ಕೊಲೆಸ್ಟರಾಲ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. 1968ರಲ್ಲಿ ಅಮೆರಿಕದ ಹೃದ್ರೋಗ ಸಂಘ ವಾರಕ್ಕೆ ಮೂರು ಹಳದಿ ಸಾಕು ಎಂದಿತ್ತು. ಒಂದು ಹಳದಿಯಲ್ಲಿ 185 ಮಿಲಿಗ್ರಾಂ ಸುಮಾರು ಕೊಲೆಸ್ಟರಾಲ್ ಇದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಅಂಕಿಯನ್ನು ಆ ದೇಶದ 2015ರ ಆಹಾರ ಮಾರ್ಗಸೂಚಿ ಕೈಬಿಟ್ಟಿತು. ಆರೋಗ್ಯವಂತರು ದಿನಕ್ಕೊಂದು ಮೊಟ್ಟೆಗೆ ಹೆದರಬೇಕಿಲ್ಲ. ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲೇ ಕೊಲೆಸ್ಟರಾಲ್ ಏರುವವರು ತಮ್ಮ ವೈದ್ಯರನ್ನು ಕೇಳಿಕೊಂಡೇ ತಿನ್ನಲಿ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ಹೇಳಿಸಿಕೊಂಡವರು ಅಣಬೆಯಲ್ಲಿ ಹಿಡಿತ ಇಟ್ಟುಕೊಳ್ಳಬೇಕು.

ಮಲೆನಾಡಿನಿಂದ ಬಂದವರು ಇಲ್ಲಿದ್ದೀರಿ. ಮುಂಗಾರಿನ ಗುಡುಗಿಗೆ ಹುತ್ತದ ಮೇಲೆ ಏಳುವ ಹೆಗ್ಗಾಲಣಬೆ, ಕೊಡಗಿನ ಕುಮ್ಮು, ಕರಾವಳಿಯ ಕಲ್ಲಣಬೆ, ಇವುಗಳ ರುಚಿಯ ಮುಂದೆ ಪೊಟ್ಟಣದ ಅಣಬೆ ನಿಲ್ಲದು ಎಂದು ನಾನೂ ಒಪ್ಪುತ್ತೇನೆ. ಆದರೆ ತಲೆಮಾರಿನಿಂದ ಗುರುತು ಹಿಡಿದು ಬಂದವರ ಕಣ್ಣು ಇಲ್ಲದೆ ಕಾಡಿನ ಅಣಬೆಯನ್ನು ಮುಟ್ಟಬೇಡಿ. ಬೇಯುವಾಗ ಬೆಳ್ಳುಳ್ಳಿ ಕಪ್ಪಾದರೆ ವಿಷ, ಬೆಳ್ಳಿ ಚಮಚ ಕಪ್ಪಾದರೆ ವಿಷ ಎಂಬ ಪರೀಕ್ಷೆಗಳು ಒಂದೂ ನಿಜವಲ್ಲ. ಕೊಲ್ಲುವ ಅಣಬೆಯ ಅಮಾಟಾಕ್ಸಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಯ ಮೇಲೆ ವಾಂತಿಭೇದಿ ಶುರುವಾಗಿ, ನಡುವೆ ಗುಣವಾದಂತೆ ಕಂಡು, ಆಮೇಲೆ ಯಕೃತ್ತು ಕೆಡುತ್ತದೆ. ಸುಧಾರಿಸಿತು ಎಂದು ಸುಮ್ಮನಿರದೆ, ಉಳಿದ ಅಣಬೆಯನ್ನೂ ಕಟ್ಟಿಕೊಂಡು ದೊಡ್ಡ ಆಸ್ಪತ್ರೆಗೆ ಓಡಬೇಕು.

ಕೊನೆಗೆ ದುಡ್ಡಿನ ಮಾತು. ಪೇಟೆಯಲ್ಲಿ 200 ಗ್ರಾಂ ಬಟನ್ ಅಣಬೆಯ ಬೆಲೆಗೆ ಐದಾರು ಮೊಟ್ಟೆ ಬರುತ್ತವೆ. ಎರಡರಲ್ಲಿ ಒಂದಕ್ಕೆ ಮಾತ್ರ ಕಾಸಿದ್ದರೆ ಮೊಟ್ಟೆಯನ್ನೇ ಕೊಳ್ಳಿ ಎಂದು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಬಂದು, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಈ ಏರ್ಪಾಡನ್ನು ನಾವೆಲ್ಲ ಕಾಪಾಡಿಕೊಳ್ಳಬೇಕು.

ಅಣಬೆಯನ್ನು ಕೊಳ್ಳುವ ಬದಲು ಬೆಳೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ತರಬೇತಿಯೂ ಸಿಗುತ್ತವೆ. ಬಿಸಿನೀರಿನಲ್ಲಿ ಹದ ಮಾಡಿದ ಭತ್ತದ ಹುಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬೀಜ ಹಾಕಿದರೆ ಸುಮಾರು ಒಂದು ತಿಂಗಳೊಳಗೆ ಚಿಪ್ಪಣಬೆ ಮೊದಲ ಕೊಯ್ಲಿಗೆ ಬರುತ್ತದೆ. ಕೊಡೆಯ ಅಂಚು ಮೇಲಕ್ಕೆ ಮುದುಡುವ ಮುಂಚೆ ಕೊಯ್ಯಿರಿ. ತಡವಾದರೆ ಬೀಜಕಗಳು ಕೋಣೆಯ ಗಾಳಿಯಲ್ಲಿ ತುಂಬಿಕೊಂಡು ಉಸಿರಾಟಕ್ಕೆ ತೊಂದರೆ ಕೊಡುತ್ತವೆ; ಕೊಯ್ಯುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಮಲಗುವ ಕೋಣೆಯಲ್ಲಿ ಚೀಲ ತೂಗುಹಾಕಬೇಡಿ. ಇಲ್ಲಿರುವ ಸ್ವಸಹಾಯ ಸಂಘದವರಿಗೆ ನನ್ನದೊಂದು ಕೋರಿಕೆ. ಕೊಯ್ಲಿನ ಒಂದು ಪಾಲನ್ನು ನಿಮ್ಮ ಊರಿನ ಅಂಗನವಾಡಿಗೆ ಕೊಡಿ. ನಡುಮಧ್ಯಾಹ್ನ ಅರ್ಧ ಗಂಟೆ ಬಿಸಿಲಿಗೆ ಹರಡಿ, ಆಮೇಲೆ ಕಳಿಸಿ. ಬಸುರಿಯರ ಪಾಲಿನ ಮೊಟ್ಟೆಯ ಜೊತೆ ಅದು ಬಾಣಲೆಗೆ ಬೀಳಲಿ. ಹುಲ್ಲು, ಬೀಜ, ಚೀಲದ ಖರ್ಚಿನ ಲೆಕ್ಕವನ್ನು ಬರೆದು ಮುಂದಿನ ಗ್ರಾಮಸಭೆಯಲ್ಲಿ ಇಡಿ, ಪಂಚಾಯಿತಿಯಿಂದ ನೆರವು ಕೇಳಿ. ಆ ಲೆಕ್ಕ ಹಾಕಿಕೊಡಲು ಕರೆದರೆ ನಾನು ಬರುತ್ತೇನೆ.